ಒಂದೇ ಥ್ರೆಡ್, ಬೇರೆ ಸೀಟು: ಕಿಟ್ ಕಾರೊಂದರ ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳ ಪ್ರಕರಣ

ಕಾರು ಬ್ರಿಟನ್ನಿನದು, ಕಿಟ್ ಕಾರು, ಅಂದರೆ ಭಾಗಗಳನ್ನು ಗಂಟಾಗಿ ತಂದು ಕೊಂಡವರೇ ಜೋಡಿಸುವ ಬಗೆ. ಲೋಟಸ್ ಕಂಪನಿ 1957ರಲ್ಲಿ ತಂದ ‘ಸೆವೆನ್’ ಅನ್ನು ಹೋಲುವ ಎರಡು ಸೀಟಿನ ತೆರೆದ ಗಾಡಿ, ಮನೆಯ ಗ್ಯಾರೇಜಿನಲ್ಲೇ ಕಟ್ಟಿದ್ದು. ಬೆಸುಗೆ ಹಾಕಿದ ಚಾಸಿ, ಪೆಡಲ್ ಬಾಕ್ಸ್, ಅಲ್ಯೂಮಿನಿಯಂ ಪೆಟ್ರೋಲ್ ಟ್ಯಾಂಕ್ ಮತ್ತು ಹೊರಮೈ ಕಿಟ್ಟಿನೊಂದಿಗೆ ಬಂದವು. 1.8 ಲೀಟರಿನ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹಬ್, ನಾಲ್ಕೂ ಬ್ರೇಕ್ ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಪ್ಯಾಡುಗಳಿಂದ ಹಿಡಿಯುವ ಭಾಗ) ಇವೆಲ್ಲ ಮೊದಲ ತಲೆಮಾರಿನ ಒಂದು ಮಜ್ದಾ ಎಂಎಕ್ಸ್-5 ಕಾರಿನಿಂದ ಬಿಚ್ಚಿದವು. ಬ್ರಿಟನ್ನಿನಲ್ಲಿ ಇಂಥ ಕಾರು ರಸ್ತೆಗಿಳಿಯಬೇಕಾದರೆ ಐವಿಎ ಎಂಬ ಬಿಡಿ ವಾಹನ ತಪಾಸಣೆಯಲ್ಲಿ ಪಾಸಾಗಬೇಕು. 2009ರಲ್ಲಿ ಹಳೆಯ ಎಸ್‌ವಿಎ ಪದ್ಧತಿಯ ಜಾಗಕ್ಕೆ ಬಂದ ಈ ತಪಾಸಣೆಯಲ್ಲಿ ಪರೀಕ್ಷಕರು ಕಾರಿನ ಅಡಿಗೆ ಹೋಗಿ ಪ್ರತಿ ಪೈಪು, ಪ್ರತಿ ಕ್ಲಿಪ್ಪನ್ನೂ ನೋಡುತ್ತಾರೆ.

ಪೈಪು ಎಳೆದು, ಬ್ರೇಕ್ ಆಯಿಲ್ ತುಂಬಿ, ಏರ್ ತೆಗೆದ ಮೇಲೆ ಕಂಡದ್ದು ಇಷ್ಟು: ಪೆಡಲ್ ಮೆತ್ತಗಿತ್ತು, ಅರ್ಧಕ್ಕಿಂತ ಕೆಳಗೆ ಹೋಗುತ್ತಿತ್ತು. ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದು, ಒಂದು ರಾತ್ರಿ ಬಿಟ್ಟರೆ ಮತ್ತೆ ಕೆಳಗಿಳಿಯುತ್ತಿತ್ತು. ಲೋಹದ ಪೈಪು ಚಕ್ರದ ಬಳಿಯ ಬಾಗುವ ಹೋಸಿಗೆ ಸೇರುವ ನಾಲ್ಕು ಬಾಯಿಗಳ ಪೈಕಿ ಮೂರರಲ್ಲಿ ಒದ್ದೆ. ಇವುಗಳ ಜೊತೆಗೆ ಗ್ಯಾರೇಜ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಒದ್ದೆಯಾದ ನಟ್‌ಗಳನ್ನು ಇನ್ನಷ್ಟು ಬಿಗಿ ಮಾಡಿದ್ದರಿಂದ ಒಂದರ ಮೂಲೆಗಳೇ ಸವೆದುಹೋದವು, ಸೋರಿಕೆ ಮಾತ್ರ ನಿಲ್ಲಲಿಲ್ಲ.

ಹೊಸದಾಗಿ ಎಳೆದ ಬ್ರೇಕ್ ಪೈಪಿನ ತೊಂದರೆ ಪೈಪಿನ ನಡುವೆ ಬರುವುದು ಅಪರೂಪ, ಹೆಚ್ಚಾಗಿ ಬರುವುದು ತುದಿಯಲ್ಲಿ. ಈ ಕಾರಿನಲ್ಲೂ ತಪ್ಪು ತುದಿಯಲ್ಲೇ ಇತ್ತು, ಅದು ಸೀಟಿಗೆ, ಅಂದರೆ ಬಾಯಿಯೊಳಗೆ ಪೈಪಿನ ತುದಿ ಒತ್ತಿ ಕೂರುವ ಜಾಗಕ್ಕೆ, ಹೊಂದಿರಲಿಲ್ಲ. ಆದರೆ ಮೆತ್ತಗಿನ ಪೆಡಲ್‌ಗೆ ಅದೊಂದೇ ಕಾರಣವಾಗಿರಲಿಲ್ಲ. ಮೂರು ಕಾರಣಗಳು ಒಟ್ಟಿಗೆ ಸೇರಿಕೊಂಡಿದ್ದವು, ಒಂದನ್ನು ಸರಿಮಾಡಿದರೆ ಉಳಿದೆರಡು ಅದನ್ನು ಮರೆಮಾಚುತ್ತಿದ್ದವು.

ಪೈಪುಗಳ ಜೋಡಣೆ

ಪೆಡಲಿನ ಒತ್ತನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್ ಎರಡು ಸರ್ಕ್ಯೂಟಿನದು, ಬೋರ್ (ಒಳವ್ಯಾಸ) 19.05 ಮಿ.ಮೀ., ಕಾಲಿನ ಬಲಕ್ಕೆ ನೆರವಾಗುವ ಸರ್ವೋ ಇಲ್ಲ. ಮುಂದಿನ ಸರ್ಕ್ಯೂಟಿಗೆ ಮಾಸ್ಟರಿನಿಂದ ಒಂದು ಟಿ-ಪೀಸಿಗೆ ಪೈಪು, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು. ಹಿಂದಿನ ಸರ್ಕ್ಯೂಟಿಗೆ ಮಾಸ್ಟರಿನಿಂದ ಟನೆಲ್ (ಎರಡು ಸೀಟುಗಳ ನಡುವೆ ಉದ್ದಕ್ಕೆ ಸಾಗುವ ಪೊಳ್ಳು ಭಾಗ) ಒಳಗಾಗಿ ಹಿಂದಿನ ಟಿ-ಪೀಸಿಗೆ ಉದ್ದನೆಯ ಪೈಪು, ಅಲ್ಲಿಂದ ಎರಡು ಚಕ್ರಗಳಿಗೆ ಎರಡು. ಒಟ್ಟು ಆರು ಪೈಪು, ಹನ್ನೆರಡು ತುದಿ. ಹಿಂದಿನ ಸಸ್ಪೆನ್ಷನ್ ಸ್ವತಂತ್ರವಾದ್ದರಿಂದ ನಾಲ್ಕು ಚಕ್ರಕ್ಕೂ ಒಂದೊಂದು ಹೋಸ್. ಘನ ಆಕ್ಸಲ್ ಇದ್ದಿದ್ದರೆ ಚಾಸಿಯಿಂದ ಆಕ್ಸಲ್‌ಗೆ ಒಂದೇ ಹೋಸ್ ಸಾಕಾಗುತ್ತಿತ್ತು.

ಪೈಪಿನೊಳಗೆ ಎಷ್ಟು ಒತ್ತಡ ಏಳುತ್ತದೆ ಎಂಬುದನ್ನು ಕೆಲಸಕ್ಕೆ ಮುಂಚೆಯೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಪೆಡಲ್ ಮೇಲೆ 500 ನ್ಯೂಟನ್, ಅಂದರೆ ಸುಮಾರು 50 ಕಿಲೋ ಭಾರದಷ್ಟು ಒತ್ತಿದರೆ, 5:1 ಪೆಡಲ್ ಅನುಪಾತದಲ್ಲಿ ಮಾಸ್ಟರಿನ ಪಿಸ್ಟನ್ ಮೇಲೆ 2,500 ನ್ಯೂಟನ್ ಬೀಳುತ್ತದೆ. 19.05 ಮಿ.ಮೀ. ಬೋರಿನ ವಿಸ್ತೀರ್ಣ 285 ಚದರ ಮಿ.ಮೀ. ಭಾಗಿಸಿದರೆ ಸುಮಾರು 88 ಬಾರ್. ಕಾರಿನ ಟೈರಿನಲ್ಲಿರುವ ಒತ್ತಡ 2 ಬಾರ್ ಆಸುಪಾಸು. ಕೈಯಿಂದ ಮೆಲ್ಲಗೆ ಒತ್ತಿ ನೋಡಿದಾಗ ಸೋರದ ಜಾಯಿಂಟ್, ಗಾಬರಿಯಲ್ಲಿ ಕಾಲಿಟ್ಟಾಗ ಸೋರುವುದು ಇದಕ್ಕೇ.

ಯಾವ ಭಾಗದಲ್ಲಿ ದೋಷ ಎಂದು ಹುಡುಕಿದ ಕ್ರಮ

ಮತ್ತೆ ಮತ್ತೆ ಏರ್ ತೆಗೆಯುತ್ತಾ ಕೂರುವ ಬದಲು ವ್ಯವಸ್ಥೆಯನ್ನು ತುಂಡು ತುಂಡಾಗಿ ಪ್ರತ್ಯೇಕಿಸಿ ನೋಡಬೇಕು. ಮೊದಲು ಮಾಸ್ಟರಿನ ಎರಡೂ ಪೈಪು ಬಿಚ್ಚಿ, ಆ ಬಾಯಿಗಳಿಗೆ ಸರಿಯಾದ ಸೀಟಿನ ಬ್ಲಾಂಕ್ ಪ್ಲಗ್ ಹಾಕಿ ಪೆಡಲ್ ಒತ್ತಲಾಯಿತು. ಕೆಲವೇ ಮಿಲಿಮೀಟರ್ ಸರಿದು ಕಲ್ಲಿನಂತೆ ನಿಂತಿತು. ಮಾಸ್ಟರ್ ಸಿಲಿಂಡರಿನ ಸೀಲುಗಳು ಸರಿಯಿವೆ, ಅದರೊಳಗೆ ಏರ್ ಇಲ್ಲ ಎಂದು ಖಚಿತವಾಯಿತು. ಮುಂದಿನ ಸರ್ಕ್ಯೂಟ್ ಮಾತ್ರ ಜೋಡಿಸಿ, ಹಿಂದಿನದಕ್ಕೆ ಪ್ಲಗ್ ಬಿಟ್ಟು ಒತ್ತಿದಾಗ ಪೆಡಲ್ ಸ್ವಲ್ಪ ಮೆತ್ತಗಾಯಿತು. ಹಿಂದಿನದನ್ನು ಮಾತ್ರ ಜೋಡಿಸಿದಾಗ ಬಹಳವೇ ಕೆಳಗೆ ಹೋಯಿತು. ಸೋರಿಕೆ ಎರಡೂ ಕಡೆ ಇದ್ದರೂ, ಪೆಡಲ್ ಉದ್ದ ಹೋಗುವುದಕ್ಕೆ ಮುಖ್ಯ ಕಾರಣ ಹಿಂದಿನ ಭಾಗದಲ್ಲಿದೆ ಎಂದಾಯಿತು.

ರಬ್ಬರ್ ಹೋಸುಗಳಿದ್ದರೆ ಒಂದೊಂದನ್ನೇ ಕ್ಲಾಂಪ್ ಮಾಡಿ ಇನ್ನೂ ಕಿರಿದಾಗಿ ಹುಡುಕಬಹುದು. ಇಲ್ಲಿದ್ದವು ಸ್ಟೀಲ್ ಹೆಣಿಗೆಯವು. ಅವುಗಳ ಒಳಗಿರುವುದು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಕೊಳವೆ, ಕ್ಲಾಂಪ್ ಬಿಗಿದರೆ ಅದು ಮಡಿಸಿ ಶಾಶ್ವತವಾಗಿ ಹಾಳಾಗುತ್ತದೆ.

ಮೊದಲ ಕಾರಣ: ಸೀಟು ಹೊಂದದ ಫ್ಲೇರ್

ಫ್ಲೇರ್ ಎಂದರೆ ಸೀಟಿಗೆ ಕೂರುವಂತೆ ಉಪಕರಣದಿಂದ ಅಗಲಿಸಿದ ಪೈಪಿನ ತುದಿ. ಇಲ್ಲಿ ಹನ್ನೆರಡೂ ತುದಿಗೆ ಒಂದೇ ಬಗೆಯ, ಉಬ್ಬಿದ ಬಬಲ್ ಫ್ಲೇರ್ ಹೊಡೆಯಲಾಗಿತ್ತು. ಕಿಟ್ಟಿನೊಂದಿಗೆ ಬಂದ ಮಾಸ್ಟರ್ ಸಿಲಿಂಡರ್ ಮತ್ತು ಕೊಂಡ ಟಿ-ಪೀಸುಗಳು ಯುರೋಪಿನ ಪದ್ಧತಿಯವು, ಅವಕ್ಕೆ ಬಬಲ್ ಫ್ಲೇರೇ ಬೇಕು. ಮಜ್ದಾ ಹೋಸುಗಳ ಬಾಯಿ ಜಪಾನಿನ ಪದ್ಧತಿಯದು, ಅದಕ್ಕೆ ಒಳಕ್ಕೆ ಮಡಿಸಿದ ಡಬಲ್ ಫ್ಲೇರ್ ಬೇಕು. ಎರಡರ ಥ್ರೆಡ್ಡೂ ಎಂ10 (10 ಮಿ.ಮೀ. ವ್ಯಾಸ), ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) 1 ಮಿ.ಮೀ. ಹೀಗಾಗಿ ತಪ್ಪು ನಟ್ ಕೈಯಲ್ಲೇ ಸರಾಗವಾಗಿ ಒಳಗೆ ಹೋಗುತ್ತದೆ. ಕೂತಿದೆ ಎಂದೇ ಅನಿಸುತ್ತದೆ. ಕಿಟ್ ಕಾರಿನ ಬ್ರೇಕ್ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ ಎಂದೇ ಹೇಳಬೇಕು. ಒಂದೇ ಕಂಪನಿಯ ಕಾರಿನಲ್ಲಿ ಸಾಮಾನ್ಯವಾಗಿ ಎಲ್ಲ ಬಾಯಿಗಳೂ ಒಂದೇ ಬಗೆಯವಾಗಿರುತ್ತವೆ. ಕಿಟ್ ಕಾರಿನಲ್ಲಿ ನಾಲ್ಕು ಕಡೆಯ ಸಾಮಾನು ಸೇರುತ್ತದೆ.

ಗುರುತಿಸುವುದು ಕಷ್ಟವಲ್ಲ, ಟಾರ್ಚ್ ಹಿಡಿದು ಬಾಯಿಯೊಳಗೆ ನೋಡಬೇಕು ಅಷ್ಟೆ. ಡಬಲ್ ಫ್ಲೇರಿನ ಬಾಯಿಯಲ್ಲಿ ತಳದಿಂದ ಮೇಲಕ್ಕೆ ಎದ್ದ ಪುಟ್ಟ ಶಂಕುವಿನಂಥ ಮೂತಿ ಕಾಣುತ್ತದೆ, ಅದರ ನಡುವೆ ತೂತು. ಪೈಪಿನ ಅರಳಿದ ತುದಿ ಆ ಮೂತಿಯನ್ನು ಕವಿಯುವಂತೆ ಕೂರುತ್ತದೆ. ಬಬಲ್ ಫ್ಲೇರಿನ ಬಾಯಿಯಲ್ಲಿ ಮೂತಿ ಇರುವುದಿಲ್ಲ, ತಳ ಒಳಕ್ಕೆ ತಗ್ಗಿರುತ್ತದೆ. ಪೈಪಿನ ಉಬ್ಬಿದ ತುದಿ ಆ ತಗ್ಗಿನೊಳಗೆ ಇಳಿದು ಕೂರುತ್ತದೆ. ನಟ್‌ಗಳಲ್ಲೂ ವ್ಯತ್ಯಾಸವಿದೆ. ಬಬಲ್ ಫ್ಲೇರಿನ ನಟ್ ತುದಿಯಲ್ಲಿ ಸಾಮಾನ್ಯವಾಗಿ ಸ್ವಲ್ಪ ಭಾಗ ಥ್ರೆಡ್ ಇಲ್ಲದೆ ನುಣ್ಣಗಿರುತ್ತದೆ, ಒತ್ತುವ ಮುಖ ಚಪ್ಪಟೆ. ಡಬಲ್ ಫ್ಲೇರಿನ ನಟ್‌ನಲ್ಲಿ ಥ್ರೆಡ್ ತುದಿಯವರೆಗೂ ಇರುತ್ತದೆ, ಒತ್ತುವ ಮುಖ 45 ಡಿಗ್ರಿ ಇಳಿಜಾರು. ಸ್ಪ್ಯಾನರ್ ಸೈಜ್ ಕೂಡ ಒಂದು ಸುಳಿವು. ಯುರೋಪಿನ ನಟ್‌ಗೆ ಸಾಮಾನ್ಯವಾಗಿ 11 ಮಿ.ಮೀ., ಜಪಾನಿನದಕ್ಕೆ 10 ಮಿ.ಮೀ. ಆದರೆ ಬಿಡಿಯಾಗಿ ಕೊಳ್ಳುವ ನಟ್‌ಗಳಲ್ಲಿ ಇದನ್ನೇ ನಂಬಿ ಕೂರಬಾರದು.

ಬಬಲ್ ಫ್ಲೇರನ್ನು ಮೂತಿಯಿರುವ ಸೀಟಿಗೆ ಒತ್ತಿದಾಗ ಲೋಹ ಲೋಹಕ್ಕೆ ತಾಗುವುದು ಕೂದಲೆಳೆಯಷ್ಟು ಅಗಲದ ಒಂದು ವೃತ್ತದಲ್ಲಿ ಮಾತ್ರ. ಮೂತಿ ಪೈಪಿನ ತೂತಿನೊಳಗೆ ನುಗ್ಗಿ ತುದಿಯನ್ನು ವಕ್ರವಾಗಿ ಅಗಲಿಸುತ್ತದೆ. ಬಿಗಿ ಮಾಡಿದಷ್ಟೂ ಅಗಲವಾಗುತ್ತದೆ, ಸೀಟಿಗೆ ಗೀರು ಬೀಳುತ್ತದೆ. ಇಲ್ಲಿ ಬಿಚ್ಚಿ ನೋಡಿದಾಗ ಒಂದು ತುದಿ ಉದ್ದಕ್ಕೆ ಸೀಳಿತ್ತು. ಸೋರದೆ ಉಳಿದಿದ್ದ ನಾಲ್ಕನೆಯ ತುದಿಯೂ ಅಷ್ಟೇ ವಿಕಾರವಾಗಿತ್ತು. ಅದು ಒಣಗಿದ್ದದ್ದು ಅದೃಷ್ಟದಿಂದ, ಹಾಗಾಗಿ ಅದನ್ನೂ ಬದಲಿಸಲಾಯಿತು. ಸೀಟು ಗೀರಾಗಿದ್ದ ಎರಡು ಹೋಸುಗಳನ್ನು ಹೊಸದಾಗಿ ಕೊಂಡದ್ದಾಯಿತು. ಗೀರಿದ ಸೀಟನ್ನು ಮರಳು ಕಾಗದದಲ್ಲಿ ಉಜ್ಜಿ ಉಳಿಸಿಕೊಳ್ಳುವ ಯೋಚನೆ ಬೇಡ.

ಸೋರುವ ಜಾಯಿಂಟ್ ಬರೀ ಆಯಿಲ್ ಹೊರಗೆ ಬಿಡುವುದಿಲ್ಲ. ಪೆಡಲ್ ಥಟ್ಟನೆ ಬಿಟ್ಟಾಗ ಒಳಗಿನ ಒತ್ತಡ ಒಂದು ಕ್ಷಣ ಕುಸಿದು, ಅದೇ ಸಂದಿನಿಂದ ಗಾಳಿ ಒಳಗೆ ಬರಬಹುದು. ಏರ್ ತೆಗೆದ ಮರುದಿನವೇ ಪೆಡಲ್ ಮತ್ತೆ ಮೆತ್ತಗಾಗುತ್ತಿದ್ದದ್ದು ಇದರೊಂದಿಗೆ ಹೊಂದುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫಾರ್ಮುಲಾ ಭಾರತ್, ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗಳಿಗೆ ಗಾಡಿ ಕಟ್ಟುವವರಿಗೆ ಇದೇ ಅಪಾಯ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಮಾರುತಿಯ ಸಾಮಾನು ಜಪಾನಿನ ಪದ್ಧತಿಯದು. ಅದಕ್ಕೆ ಆಮದು ಮಾಡಿದ ಮಾಸ್ಟರ್ ಸಿಲಿಂಡರ್ ಜೋಡಿಸಿದರೆ ಇಲ್ಲಿ ಆದದ್ದೇ ಅಲ್ಲೂ ಆಗಬಹುದು. ಬೈಕ್ ಕ್ಯಾಲಿಪರ್ ಬಳಸಿದರೆ ಮತ್ತೊಂದು ತೊಡಕು: ಜಪಾನಿನ ಬೈಕುಗಳ ಬಾಂಜೋ ಬೋಲ್ಟ್ (ಹೋಸನ್ನು ಕ್ಯಾಲಿಪರಿಗೆ ಜೋಡಿಸುವ ಪೊಳ್ಳು ಬೋಲ್ಟ್) ಸಾಮಾನ್ಯವಾಗಿ ಎಂ10, ಪಿಚ್ 1.25 ಮಿ.ಮೀ. ಬ್ರೆಂಬೊ ಕ್ಯಾಲಿಪರಿನದು ಪಿಚ್ 1.0. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಕ್ಯಾಲಿಪರಿನ ಥ್ರೆಡ್ ಹೋದಂತೆಯೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ಹಳೆಯ ಬೋಲ್ಟನ್ನೂ ಒಂದು ಪಿಚ್ ಗೇಜನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಬೇಕು.

ಹೊಸ ಪೈಪು, ಹೊಸ ತುದಿ

ಹಳೆಯ ಪೈಪಿನ ತುದಿ ಕತ್ತರಿಸಿ ಮತ್ತೆ ಫ್ಲೇರ್ ಹೊಡೆದರೆ ಉದ್ದ ಸಾಲುವುದಿಲ್ಲ, ಎಳೆದು ಕೂರಿಸಿದ ಪೈಪು ಜಾಯಿಂಟಿನ ಮೇಲೆ ಸದಾ ಭಾರ ಹಾಕುತ್ತದೆ. ಹಾಗಾಗಿ ಹೋಸಿಗೆ ಹೋಗುವ ನಾಲ್ಕೂ ಪೈಪುಗಳನ್ನು ಹೊಸದಾಗಿ ಮಾಡಲಾಯಿತು. ಬಳಸಿದ್ದು 3/16 ಇಂಚು, ಅಂದರೆ 4.76 ಮಿ.ಮೀ. ಹೊರವ್ಯಾಸದ ಕುಪ್ರೋನಿಕಲ್ ಪೈಪು: ತಾಮ್ರ ಸುಮಾರು 90 ಪಾಲು, ನಿಕಲ್ 10 ಪಾಲು. ಬ್ರಿಟನ್ನಿನಲ್ಲಿ ಇದನ್ನು ಕುನಿಫರ್ ಎಂದೇ ಕೇಳಿ ಕೊಳ್ಳುತ್ತಾರೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಸ್ಟೀಲ್ ಪೈಪು ತುಕ್ಕು ಹಿಡಿಯುತ್ತದೆ. ಬರೀ ತಾಮ್ರದ ಪೈಪು ಬಾಗಿಸಲು ಸುಲಭ, ಆದರೆ ನಡುಕ ತಿಂದು ತಿಂದು ಗಡಸಾಗಿ ಬಿರುಕು ಬಿಡುವ ಗುಣ ಅದಕ್ಕಿದೆ. ಕುಪ್ರೋನಿಕಲ್ ಈ ಎರಡೂ ತೊಂದರೆಗಳನ್ನು ಬಹಳ ಮಟ್ಟಿಗೆ ದೂರವಿಡುತ್ತದೆ. ಬೆಲೆ ಜಾಸ್ತಿಯಾದರೂ ಬ್ರೇಕಿಗೆ ಇದನ್ನೇ ಹಾಕಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಇಂಥ ಕಾರಿಗೆ 25 ಅಡಿಯ ಒಂದು ಸುರುಳಿ ಲೆಕ್ಕದಲ್ಲಿ ಸಾಕೆನಿಸಿದರೂ ಎರಡು ತರಬೇಕು, ಕೆಟ್ಟ ಫ್ಲೇರ್ ಕತ್ತರಿಸಿ ಎಸೆಯಲು ಮನಸ್ಸು ಬರುವುದು ಪೈಪು ಮಿಕ್ಕಿದ್ದಾಗ ಮಾತ್ರ. ಎಂ10 ನಟ್‌ಗಳು ಎರಡೂ ಬಗೆಯವು ಹತ್ತತ್ತು, ಬಾಂಜೋಗಳಿಗೆ ಹೊಸ ತಾಮ್ರದ ವಾಷರ್ ಎಂಟು, ಒಂದು ಲೀಟರ್ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕೂಡ ಬೇಕು.

ಉದ್ದ ಅಳೆಯಲು ಮೊದಲು ದಪ್ಪ ತಂತಿಯೊಂದನ್ನು ಪೈಪು ಹೋಗಬೇಕಾದ ಹಾದಿಯಲ್ಲೇ ಬಾಗಿಸಿ ಕೂರಿಸಿ, ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಬೇಕು. ಸುರುಳಿಯ ಪೈಪನ್ನು ಸಮನಾದ ಹಲಗೆಯ ಮೇಲಿಟ್ಟು ಮರದ ತುಂಡಿನಿಂದ ಒತ್ತಿ ಉರುಳಿಸಿದರೆ ನೆಟ್ಟಗಾಗುತ್ತದೆ. ಕತ್ತರಿಸಲು ಗರಗಸ ಬೇಡ, ಚಿಕ್ಕ ಪೈಪ್ ಕಟರ್ ಬೇಕು. ಕಟರನ್ನು ಒಮ್ಮೆಗೇ ಬಿಗಿದರೆ ಪೈಪಿನ ಬಾಯಿ ಒಳಕ್ಕೆ ಮಡಿಸಿಕೊಳ್ಳುತ್ತದೆ. ಒಂದು ಸುತ್ತಿಗೆ ಕಾಲು ತಿರುವಿನಂತೆ ಬಿಗಿಯುತ್ತಾ ಹೋಗಬೇಕು. ಬಾಯಿಯ ಒಳಗಿನ ಹೊರಗಿನ ಚೂಪನ್ನು ತೆಗೆದು, ಪೈಪನ್ನು ಬಾಯಿ ಕೆಳಗಾಗಿ ತಟ್ಟಿ, ಗಾಳಿ ಊದಿ ಪುಡಿ ಹೊರಗೆ ಹಾಕಬೇಕು. ನಟ್ ಅನ್ನು ಫ್ಲೇರ್ ಹೊಡೆಯುವ ಮೊದಲೇ ಪೈಪಿಗೆ ಏರಿಸಬೇಕು, ಎರಡನೆಯ ತುದಿಯ ನಟ್ ಕೂಡ ಎದುರು ಮುಖವಾಗಿ ಮೊದಲೇ ಏರಿರಬೇಕು.

ಫ್ಲೇರಿಂಗ್ ಉಪಕರಣದ ಡೈಯಲ್ಲಿ ಎರಡು ಹಂತವಿರುತ್ತದೆ. ಮೊದಲ ಹಂತ ಪೈಪಿನ ತುದಿಯನ್ನು ಉಬ್ಬಿಸುತ್ತದೆ, ಎರಡನೆಯದು ಆ ಉಬ್ಬನ್ನು ಒಳಕ್ಕೆ ಮಡಿಸಿ ಎರಡು ಪದರದ ಕೊಳವೆ ಬಾಯಿ ಮಾಡುತ್ತದೆ. ಮೊದಲ ಹಂತದಲ್ಲಿ ನಿಲ್ಲಿಸಿದರೆ ಬಬಲ್, ಎರಡೂ ಮುಗಿಸಿದರೆ ಡಬಲ್ ಎಂದು ಹಲವರು ತಿಳಿದಿದ್ದಾರೆ. ಅಷ್ಟೇ ಸಾಲದು. ಪೈಪನ್ನು ಹಿಡಿಯುವ ಕ್ಲಾಂಪಿನ ಮುಖವನ್ನೂ ನೋಡಬೇಕು. ಡಬಲ್ ಫ್ಲೇರಿಗೆ ಇಳಿಜಾರು ಕೊರೆದ ಮುಖ ಬೇಕು, ಬಬಲ್ ಫ್ಲೇರಿಗೆ ಚಪ್ಪಟೆ ಮುಖ. ಇಳಿಜಾರು ಮುಖದಲ್ಲಿ ಹಿಡಿದು ಮೊದಲ ಹಂತಕ್ಕೇ ನಿಲ್ಲಿಸಿದ ಉಬ್ಬಿನ ಬೆನ್ನು ಓರೆಯಾಗಿರುತ್ತದೆ. ಅದರ ಮೇಲೆ ಬಬಲ್ ನಟ್‌ನ ಚಪ್ಪಟೆ ಮುಖ ಒತ್ತಿದರೆ ಅಂಚಿನಲ್ಲಷ್ಟೇ ತಾಗುತ್ತದೆ. ಸರಿಯಾದ ಬಬಲ್ ಫ್ಲೇರಿನ ಅಗಲ ಸುಮಾರು 7 ಮಿ.ಮೀ., ಬೆನ್ನು ಚಪ್ಪಟೆ, ಪೈಪಿನ ನಡುವಿಗೆ ಸಮ. ಒಂದು ಬದಿಗೆ ವಾಲಿದ್ದರೆ, ಮಡಿಕೆಯಲ್ಲಿ ಕೂದಲಿನಂಥ ಗೆರೆ ಕಂಡರೆ, ಅದನ್ನು ಕತ್ತರಿಸಿ ಬಿಸಾಡಬೇಕು. ಡೈಗೆ ಒಂದು ಹನಿ ಬ್ರೇಕ್ ಆಯಿಲ್ ಹಚ್ಚಿದರೆ ಲೋಹ ಹರಿಯದೆ ಜಾರುತ್ತದೆ. ಎಂಜಿನ್ ಆಯಿಲ್ ಅಥವಾ ಗ್ರೀಸ್ ಹಚ್ಚಬಾರದು, ಅವು ಬ್ರೇಕಿನ ರಬ್ಬರ್ ಸೀಲುಗಳನ್ನು ಉಬ್ಬಿಸುತ್ತವೆ.

ಹೊಸ ನಾಲ್ಕು ಪೈಪುಗಳಲ್ಲಿ ಟಿ-ಪೀಸಿನ ಕಡೆ ಬಬಲ್, ಹೋಸಿನ ಕಡೆ ಡಬಲ್. ಯಾವ ತುದಿ ಯಾವುದು ಎಂದು ಪೈಪಿಗೆ ಟೇಪ್ ಸುತ್ತಿ ಬರೆದಿಡಲಾಯಿತು. ನಟ್‌ಗಳನ್ನು ಕೈಯಲ್ಲಿ ಪೂರ್ತಿ ತಿರುಗಿಸಿದ ಮೇಲೆಯೇ ಫ್ಲೇರ್ ನಟ್ ಸ್ಪ್ಯಾನರ್ ಹಿಡಿದು ಸುಮಾರು 15 ನ್ಯೂಟನ್ ಮೀಟರಿಗೆ ಬಿಗಿಯಲಾಯಿತು. ಎಂಎಕ್ಸ್-5 ಕ್ಯಾಲಿಪರಿನ ಬಾಂಜೋ ಬೋಲ್ಟಿಗೆ 22ರಿಂದ 29 ನ್ಯೂಟನ್ ಮೀಟರ್. ಹೋಸಿನ ಕ್ಯಾಲಿಪರ್ ತುದಿಯನ್ನು ಮೊದಲು ಬಿಗಿದು, ಹೋಸ್ ತಿರುಚದಂತೆ ನೋಡಿ, ಆಮೇಲೆ ಚಾಸಿಯ ಬ್ರಾಕೆಟ್ ತುದಿಯನ್ನು ಕೂರಿಸಬೇಕು. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ಪೂರ್ತಿ ಕೆಳಗಿಳಿದಾಗ ಮತ್ತು ಪೂರ್ತಿ ಮೇಲೆದ್ದಾಗ, ಹೋಸ್ ಟೈರಿಗಾಗಲಿ ಸಸ್ಪೆನ್ಷನ್ ತೋಳಾದ ವಿಶ್‌ಬೋನಿಗಾಗಲಿ ತಾಗುತ್ತದೆಯೇ, ಬಿಗಿಯಾಗುತ್ತದೆಯೇ ಎಂದು ನೋಡಬೇಕು. ಎಡಕ್ಕೆ ಸರಿಯಿದ್ದದ್ದು ಬಲಕ್ಕೂ ಸರಿಯಿರುತ್ತದೆ ಎಂದುಕೊಳ್ಳುವಂತಿಲ್ಲ.

ಎರಡನೆಯ ಕಾರಣ: ಟನೆಲ್ ಮೇಲಿನ ಏರು

ಹಿಂದಿನ ಸರ್ಕ್ಯೂಟಿನ ಉದ್ದ ಪೈಪು ಟನೆಲ್ ಒಳಗೆ ಮೇಲಿನ ಮೂಲೆಯಲ್ಲಿ ಹೋಗಿ, ಡಿಫರೆನ್ಷಿಯಲ್ ಹತ್ತಿರ ಇನ್ನೂ ಒಂದು ಗೇಣು ಮೇಲೇರಿ, ಮತ್ತೆ ಕೆಳಗಿಳಿದಿತ್ತು. ಗಾಳಿಯ ಗುಳ್ಳೆ ಆ ಏರಿನಲ್ಲಿ ನಿಂತುಬಿಡುತ್ತದೆ. 4.76 ಮಿ.ಮೀ. ಪೈಪಿನ ಒಳವ್ಯಾಸ ಸುಮಾರು 3.3 ಮಿ.ಮೀ., ಒಂದು ಮೀಟರ್ ಪೈಪಿನಲ್ಲಿ 9 ಮಿಲಿಲೀಟರಿಗೂ ಕಡಿಮೆ ಆಯಿಲ್ ಹಿಡಿಯುತ್ತದೆ. ಏರ್ ತೆಗೆಯುವಾಗ ಮಾಸ್ಟರಿನ ಪಿಸ್ಟನ್ 12 ಮಿ.ಮೀ. ಸರಿದರೆ ಹೊರಬೀಳುವುದು ಸುಮಾರು 3.4 ಮಿಲಿಲೀಟರ್, ಪೈಪಿನೊಳಗೆ ಅದು 40 ಸೆಂ.ಮೀ. ದೂರ. ನಿಪ್ಪಲ್ (ಏರ್ ಹೊರಬಿಡಲು ಕ್ಯಾಲಿಪರಿನಲ್ಲಿರುವ ಬಾಯಿ) ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಗುಳ್ಳೆ ಸಾಗಿದ ಅಷ್ಟೂ ದೂರ ಹಿಂದಕ್ಕೆ ಬರುತ್ತದೆ. ಮೆಲ್ಲಗೆ ಒತ್ತಿದರೆ ಆಯಿಲ್ ಗುಳ್ಳೆಯ ಪಕ್ಕದಲ್ಲೇ ಹರಿದುಹೋಗುತ್ತದೆ, ಗುಳ್ಳೆ ಕದಲುವುದೇ ಇಲ್ಲ.

ಡಿಫರೆನ್ಷಿಯಲ್ ಬಳಿಯ ಆ ಏರನ್ನು ತೆಗೆದು ಪೈಪನ್ನು ಚಾಸಿಯ ಕೊಳವೆಗುಂಟ ತರಲಾಯಿತು. ರಿಸರ್ವಾಯರ್ ಮುಚ್ಚಳಕ್ಕೆ ಜೋಡಿಸುವ ಪ್ರೆಷರ್ ಬ್ಲೀಡರಿನಿಂದ 1 ಬಾರ್ ಒತ್ತಡ ಕೊಟ್ಟು, ಮಾಸ್ಟರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ, ಚಕ್ರವೊಂದಕ್ಕೆ 100ರಿಂದ 150 ಮಿಲಿಲೀಟರ್ ಆಯಿಲ್ ಹರಿಸಲಾಯಿತು. ನಿಪ್ಪಲ್ ಕ್ಯಾಲಿಪರಿನ ಮೇಲ್ತುದಿಯಲ್ಲಿದೆಯೇ ಎಂಬುದನ್ನು ಈ ಹಂತದಲ್ಲಿ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎಡಬಲದ ಕ್ಯಾಲಿಪರ್ ಅದಲುಬದಲಾಗಿದ್ದರೆ ನಿಪ್ಪಲ್ ಕೆಳಗೆ ಬಂದು, ಎಷ್ಟು ಲೀಟರ್ ಹರಿಸಿದರೂ ಏರ್ ಹೊರಬರುವುದಿಲ್ಲ.

ಮೂರನೆಯ ಕಾರಣ: ಹಿಂದಿನ ಕ್ಯಾಲಿಪರಿನ ಅಡ್ಜಸ್ಟರ್

ಇದು ಪೈಪಿಗೆ ಸಂಬಂಧಿಸಿದ್ದೇ ಅಲ್ಲ, ಆದರೆ ಪೈಪಿನ ಮೇಲೆ ಅಪವಾದ ಬರುವಂತೆ ಮಾಡುತ್ತದೆ. ಈ ಎಂಎಕ್ಸ್-5ರ ಹಿಂದಿನ ಕ್ಯಾಲಿಪರಿನಲ್ಲಿ ಹ್ಯಾಂಡ್ ಬ್ರೇಕ್ ಯಂತ್ರಭಾಗ ಸೇರಿಕೊಂಡಿದೆ. ಹಿಂಬದಿಯ ಒಂದು ಬೋಲ್ಟ್ ತೆಗೆದರೆ ಒಳಗೆ 4 ಮಿ.ಮೀ. ಆಲನ್ ಕೀ ಹಿಡಿಯುವ ಅಡ್ಜಸ್ಟರ್ ಸಿಗುತ್ತದೆ. ಕ್ಯಾಲಿಪರ್ ಬಿಚ್ಚಿ ಪಿಸ್ಟನ್ ಹಿಂದಕ್ಕೆ ತಳ್ಳಿದ ಮೇಲೆ ಇದನ್ನು ಮತ್ತೆ ಹೊಂದಿಸದಿದ್ದರೆ ಪ್ಯಾಡಿಗೂ ಡಿಸ್ಕಿಗೂ ನಡುವೆ ಅಂತರ ಉಳಿದು, ಪೆಡಲಿನ ಚಲನೆಯ ಬಹುಪಾಲು ಆ ಅಂತರ ತುಂಬುವುದರಲ್ಲೇ ಮುಗಿಯುತ್ತದೆ. ಪಂಪ್ ಮಾಡಿದರೆ ಪೆಡಲ್ ಮೇಲೆ ಬರುವುದು ಈ ತೊಂದರೆಯ ಗುರುತೂ ಹೌದು. ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲಿಸಿ, ಡಿಸ್ಕ್ ಹಿಡಿಯುವವರೆಗೆ ಅಡ್ಜಸ್ಟರನ್ನು ಬಿಗಿಯ ದಿಕ್ಕಿಗೆ ತಿರುಗಿಸಿ, ಅಲ್ಲಿಂದ ಒಂದು ಸುತ್ತಿನ ಮೂರನೆಯ ಒಂದು ಭಾಗದಷ್ಟು ಹಿಂದಕ್ಕೆ ಬಿಡಬೇಕು. ಇಷ್ಟು ಮಾಡಿದ್ದೇ ತಡ, ಪೆಡಲ್ ಮೊದಲ ಮೂರನೆಯ ಒಂದು ಭಾಗದಲ್ಲೇ ಹಿಡಿಯತೊಡಗಿತು.

ಹಾದಿ ಮತ್ತು ಕ್ಲಿಪ್

ಟನೆಲ್ ಒಳಗೆ ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ. ಬ್ರೇಕ್ ಪೈಪು ಒಂದು ಬದಿ, ಪೆಟ್ರೋಲ್ ಪೈಪು ಇನ್ನೊಂದು ಬದಿ. ಈ ಎಂಜಿನ್ನಿನ ಇನ್‌ಟೇಕ್ ಬಲಕ್ಕೆ, ಎಕ್ಸಾಸ್ಟ್ ಎಡಕ್ಕೆ ಇರುವುದರಿಂದ ಪೆಟ್ರೋಲ್ ಬಲಗಡೆಯಿಂದಲೇ ಮುಂದೆ ಬರಬೇಕು. ಶಾಫ್ಟಿನಿಂದ ಕನಿಷ್ಠ 25 ಮಿ.ಮೀ. ಅಂತರ ಬಿಡಲಾಗಿದೆ. ಪೈಪು ಚಾಸಿಯ ತಳದ ಕೊಳವೆಗಿಂತ ಕೆಳಗೆ ಎಲ್ಲೂ ಇಳಿಯಬಾರದು, ಇಷ್ಟು ತಗ್ಗಿನ ಕಾರಿನಲ್ಲಿ ರಸ್ತೆಯ ಉಬ್ಬು ಮೊದಲು ತಾಗುವುದು ಅಲ್ಲಿಗೇ.

ರಬ್ಬರ್ ಒಳಪದರವಿರುವ ಪಿ-ಕ್ಲಿಪ್‌ಗಳನ್ನು 200ರಿಂದ 250 ಮಿ.ಮೀ. ಅಂತರದಲ್ಲಿ, ಪ್ರತಿ ತಿರುವಿನ ಎರಡೂ ಕಡೆ ಹಾಕಲಾಯಿತು. 300 ಮಿ.ಮೀ. ಮೀರಬಾರದು ಎಂಬುದು ಕಿಟ್ ಕಾರು ಕಟ್ಟುವವರಲ್ಲಿ ರೂಢಿಯಲ್ಲಿರುವ ಲೆಕ್ಕ. ರಬ್ಬರ್ ಇಲ್ಲದ ಕ್ಲಿಪ್ ಪೈಪನ್ನು ಕೊರೆಯುತ್ತದೆ. ಜೊತೆಗೆ ತಾಮ್ರದ ಮಿಶ್ರಲೋಹ ಅಲ್ಯೂಮಿನಿಯಂ ಹಾಳೆಗೆ ನೇರವಾಗಿ ತಾಗಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಹಾಳೆಯನ್ನು ದಾಟುವಲ್ಲೆಲ್ಲ ಗ್ರಾಮೆಟ್ ಬೇಕೇ ಬೇಕು. ಪ್ಲಾಸ್ಟಿಕ್ ಟೈಗಳಿಂದ ಕಟ್ಟಿದ್ದ ಕಡೆಗಳನ್ನೆಲ್ಲ ಬಿಚ್ಚಿ ರಿವೆಟ್ ಹೊಡೆದ ಕ್ಲಿಪ್ ಹಾಕಲಾಯಿತು.

ಪೆಟ್ರೋಲ್ ವಾಸನೆಯ ಮೂಲ

ಪೆಟ್ರೋಲ್ ಕಡೆಯ ಒತ್ತಡ ಬ್ರೇಕಿನ ಮುಂದೆ ಏನೂ ಅಲ್ಲ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲಿನಲ್ಲಿ ಸುಮಾರು 3 ಬಾರ್. ಆದರೆ ಸೋರಿದರೆ ಬೆಂಕಿ. ಹಿಂದಿನ ಟ್ಯಾಂಕಿನಿಂದ ಒರಟು ಫಿಲ್ಟರ್, ಹೊರಗಿನ ಪಂಪ್, ನುಣುಪು ಫಿಲ್ಟರ್, 8 ಮಿ.ಮೀ. ಕುಪ್ರೋನಿಕಲ್ ಪೈಪು, ಎಂಜಿನ್ ರೈಲು, ರೆಗ್ಯುಲೇಟರ್, ಅಲ್ಲಿಂದ 8 ಮಿ.ಮೀ. ರಿಟರ್ನ್ ಪೈಪಿನಲ್ಲಿ ಮತ್ತೆ ಟ್ಯಾಂಕಿಗೆ. ಹೊರಗಿನ ಇಂಜೆಕ್ಷನ್ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಕಚ್ಚಾ. ಹಾಗಾಗಿ ಪಂಪು ಟ್ಯಾಂಕಿನ ಹೊರಬಾಯಿಗಿಂತ ಕೆಳಗಿರಬೇಕು, ಅದಕ್ಕೆ ಹೋಗುವ ಹೋಸ್ ಅಗಲವಾಗಿ, ಗಿಡ್ಡವಾಗಿ ಇರಬೇಕು.

ವಾಸನೆಗೆ ಎರಡು ಕಡೆ ಕಾರಣ ಸಿಕ್ಕಿತು. ಮೊದಲನೆಯದು, ಲೋಹದ ಪೈಪಿಗೆ ಹೋಸ್ ಸೇರುವ ಜಾಗ. ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ, ಉಬ್ಬು ಮಾಡದೆ, ಹೋಸ್ ತೂರಿಸಿ, ಸ್ಕ್ರೂ ಹಲ್ಲಿನ ಸಾಮಾನ್ಯ ಹೋಸ್ ಕ್ಲಿಪ್ ಬಿಗಿಯಲಾಗಿತ್ತು. 8 ಮಿ.ಮೀ.ನಷ್ಟು ಸಣ್ಣ ಹೋಸಿನ ಮೇಲೆ ಆ ಕ್ಲಿಪ್ ಪೂರ್ತಿ ದುಂಡಗೆ ಕೂರುವುದಿಲ್ಲ. ಸ್ಕ್ರೂ ಇರುವ ಕಡೆ ಸಂದು ಉಳಿಯುತ್ತದೆ, ಪಟ್ಟಿಯ ಸೀಳುಗಳು ರಬ್ಬರನ್ನು ಕತ್ತರಿಸುತ್ತವೆ. ಇಲ್ಲಿ ಕ್ಲಿಪ್ ಬಿಚ್ಚಿದಾಗ ಹೋಸಿನ ಮೇಲ್ಪದರದಲ್ಲಿ ಸಾಲಾಗಿ ಗಾಯಗಳಿದ್ದವು. ಪೈಪಿನ ತುದಿಗಳಿಗೆ ಫ್ಲೇರಿಂಗ್ ಉಪಕರಣದ ಮೊದಲ ಹಂತದಿಂದಲೇ ಸಣ್ಣ ಉಬ್ಬು ಹೊಡೆದು, ಹೋಸನ್ನು 25 ಮಿ.ಮೀ. ಒಳಗೆ ತೂರಿಸಿ, ನುಣುಪು ಪಟ್ಟಿಯ, ನಟ್ ಬೋಲ್ಟಿನಿಂದ ಬಿಗಿಯುವ ಇಂಜೆಕ್ಷನ್ ಕ್ಲಿಪ್ ಹಾಕಲಾಯಿತು. ಕ್ಲಿಪ್ ಕೂರಬೇಕಾದ್ದು ಉಬ್ಬಿನ ಹಿಂದೆ, ಉಬ್ಬಿನ ಮೇಲಲ್ಲ.

ಹೋಸ್ ಕೂಡ ಬದಲಾಯಿತು. ಹಳೆಯದರ ಮೇಲೆ ಆರ್6 ಎಂದು ಅಚ್ಚಾಗಿತ್ತು, ಅದು ಕಾರ್ಬುರೇಟರ್ ಗಾಡಿಗಳ ಕಡಿಮೆ ಒತ್ತಡಕ್ಕೆ. ಇಂಜೆಕ್ಷನ್ನಿಗೆ ಬೇಕಾದದ್ದು ಆರ್9, ಈ ಸೈಜಿನಲ್ಲಿ ಅದರ ಕೆಲಸದ ಒತ್ತಡ ಸುಮಾರು 7 ಬಾರ್. ಅದರ ಒಳಪದರ ಎಥನಾಲ್ ತಡೆಯುತ್ತದೆ, ಆವಿಯನ್ನೂ ಹೊರಗೆ ಬಿಡುವುದು ಕಡಿಮೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ನೂರಕ್ಕೆ 10 ಪಾಲಿನವರೆಗೆ ಎಥನಾಲ್ ಬೆರೆತದ್ದು, ಆಗಿದೆ. ನಮ್ಮಲ್ಲಿ ಬಂಕುಗಳಿಗೆ ಇ20 ಬಂದಿದೆ, ಹಳೆಯ ಕಾರು ಬೈಕುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಪೆಟ್ರೋಲ್ ಹೋಸಿನ ಅಚ್ಚನ್ನು ಒಮ್ಮೆ ಓದಿಕೊಳ್ಳಬೇಕು. ಅಚ್ಚೇ ಇಲ್ಲದ ಹೋಸನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ತರಬಾರದು. ಹೋಸ್ ಬೇಕಾದದ್ದು ಪಂಪಿನ ಎರಡು ಕಡೆ, ಟ್ಯಾಂಕಿನ ಬಾಯಿ ಮತ್ತು ಚಾಸಿಯಿಂದ ಎಂಜಿನ್ನಿಗೆ ಹೋಗುವ ಕಡೆ ಮಾತ್ರ, ಏಕೆಂದರೆ ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗುತ್ತದೆ. ಉಳಿದದ್ದೆಲ್ಲ ಲೋಹವಾಗಿರಲಿ.

ಎರಡನೆಯ ಕಾರಣ ಟ್ಯಾಂಕಿನ ಗಾಳಿಕೊಳವೆ. ಅದರ ತುದಿ ಸೀಟಿನ ಹಿಂದಿನ ಸಾಮಾನು ಪೆಟ್ಟಿಗೆಯೊಳಗೇ ಬಿಟ್ಟಿತ್ತು. ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಸೇರಿಸಿ, ಕೊಳವೆಯನ್ನು ಟ್ಯಾಂಕಿಗಿಂತ ಎತ್ತರಕ್ಕೆ ಒಯ್ದು, ಅಲ್ಲಿಂದ ಕಾರಿನ ಹೊರಗೆ ಕೆಳಮುಖವಾಗಿ, ಎಕ್ಸಾಸ್ಟಿನಿಂದ ದೂರ ಬಿಡಲಾಯಿತು. ಪಂಪಿನ ವೈರಿಂಗಿಗೆ ಇನರ್ಷಿಯಾ ಸ್ವಿಚ್ ಕೂಡ ಸೇರಿತು, ಡಿಕ್ಕಿಯ ಹೊಡೆತಕ್ಕೆ ಅದು ಪಂಪಿನ ಕರೆಂಟ್ ಕಡಿಯುತ್ತದೆ.

ಪರೀಕ್ಷೆ

ಬ್ರೇಕಿಗೆ: ಎಲ್ಲ ಜಾಯಿಂಟುಗಳನ್ನು ಒರೆಸಿ ಒಣಗಿಸಿ, ಒಬ್ಬರು ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಹನ್ನೆರಡೂ ತುದಿ, ಎಂಟೂ ವಾಷರಿಗೆ ಬಿಳಿ ಟಿಶ್ಯೂ ಒತ್ತಿ ನೋಡಿದರು. ಕಣ್ಣಿಗೆ ಕಾಣದ ಒದ್ದೆ ಟಿಶ್ಯೂವಿನಲ್ಲಿ ಕಲೆಯಾಗಿ ಕಾಣುತ್ತದೆ. ಆಮೇಲೆ ಮರದ ಕೋಲೊಂದನ್ನು ಪೆಡಲಿಗೂ ಸೀಟಿಗೂ ನಡುವೆ ಕೊಟ್ಟು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ಅದೇ ತಪಾಸಣೆ. ಎಲ್ಲವೂ ಒಣಗಿತ್ತು. ನಂತರ ಮುಂದಿನ ಒಂದು ನಿಪ್ಪಲ್ ತೆರೆದಿಟ್ಟು ಪೆಡಲ್ ಒತ್ತಿದಾಗ ಹಿಂದಿನ ಚಕ್ರಗಳೆರಡೂ ಹಿಡಿದವು, ಹಿಂದಿನದನ್ನು ತೆರೆದಾಗ ಮುಂದಿನವು ಹಿಡಿದವು. ಎರಡು ಸರ್ಕ್ಯೂಟುಗಳು ಎಲ್ಲೂ ಕಲೆತಿಲ್ಲ ಎಂಬುದಕ್ಕೆ ಇದು ಪುರಾವೆ. ಚೆಲ್ಲಿದ ಬ್ರೇಕ್ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಬೇಕು, ಬಣ್ಣ ಎದ್ದುಬಿಡುತ್ತದೆ.

ಪೆಟ್ರೋಲಿಗೆ: ಕಾರನ್ನು ಬಯಲಿಗೆ ತಳ್ಳಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿಟ್ಟು, ಟ್ಯಾಂಕಿಗೆ ಕೆಲವೇ ಲೀಟರ್ ಹಾಕಿ, ಎಂಜಿನ್ ಚಾಲೂ ಮಾಡದೆ ಪಂಪನ್ನಷ್ಟೇ 15 ನಿಮಿಷ ಓಡಿಸಿ ಪ್ರತಿ ಕ್ಲಿಪ್ ಮುಟ್ಟಿ ನೋಡಲಾಯಿತು.

ತಪಾಸಣೆಗೆ ಹೋಗುವ ಮುನ್ನ ಉಳಿದಿದ್ದ ಸಣ್ಣ ಕೆಲಸ, ಬ್ರೇಕ್ ರಿಸರ್ವಾಯರಿನ ಬಾಯಿಯಿಂದ 100 ಮಿ.ಮೀ. ಒಳಗೆ ಯಾವ ಆಯಿಲ್ ಎಂದು ತೋರಿಸುವ ಅಳಿಸಲಾಗದ ಚಿಹ್ನೆ ಅಂಟಿಸುವುದು. ಕಾರು ರಸ್ತೆಗಿಳಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಆದಾಗ ಅದನ್ನು ಮತ್ತೆ ಎತ್ತಿ ಎಲ್ಲ ಹೋಸುಗಳ ಮೇಲೆ ಉಜ್ಜಿದ ಗುರುತು ಹುಡುಕಬೇಕು, ಪೆಟ್ರೋಲ್ ಕ್ಲಿಪ್‌ಗಳನ್ನು ಮತ್ತೊಮ್ಮೆ ಬಿಗಿಯಬೇಕು, ಏಕೆಂದರೆ ಹೊಸ ರಬ್ಬರ್ ಒಂದಿಷ್ಟು ಕುಗ್ಗಿರುತ್ತದೆ. ಬ್ರೇಕ್ ನಟ್‌ಗಳು ಒಣಗಿದ್ದರೆ ಅವಕ್ಕೆ ಸ್ಪ್ಯಾನರ್ ಹಾಕಬಾರದು. ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತದೆ: ಹೊಸದಾಗಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯಬೇಕಾದದ್ದು, ತೇವ ಸೇರಿದ ಮೇಲೆ 155ಕ್ಕೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು.